ನಿದ್ರೆ ಗುಳಿಗೆ: ಅಪಾಯ ಮತ್ತು ಹಕ್ಕು

ಆಲ್‌ಪ್ರಜೋಲಂ, ಡಯಾಜೆಪಾಂ, ಜೋಲ್ಪಿಡೆಮ್‌ನಂಥ ನಿದ್ರೆ ಗುಳಿಗೆಗಳ ಮಂಪರು ಮರುದಿನವೂ ಉಳಿಯಬಹುದು. ಮರೆವು, ತಲೆಸುತ್ತು, ವಯಸ್ಸಾದವರು ಬಿದ್ದು ಮೂಳೆ ಮುರಿದುಕೊಳ್ಳುವುದು ಇತರ ಅಪಾಯಗಳು. ಮದ್ಯದ ಜತೆ ಸೇರಿದರೆ ಉಸಿರಾಟವೇ ಕುಗ್ಗೀತು. ಕುರಕುಂಟಾ ಸುತ್ತಮುತ್ತಲಿನಿಂದ ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೆ ಪಾಳಿ ಕೆಲಸಕ್ಕೆ ಹೋಗುವವರಿಗೆ, ಲಾರಿ ಚಾಲಕರಿಗೆ ಈ ಮಂಪರು ಪ್ರಾಣಾಂತಿಕ. ಬಹುಕಾಲ ನುಂಗಿ ದಿಢೀರನೆ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು. ವೈದ್ಯರ ಸಲಹೆಯಂತೆ ಪ್ರಮಾಣ ಇಳಿಸುತ್ತ ಬರಬೇಕು.

ಈ ಮೂರೂ ಗುಳಿಗೆಗಳು 2014ರಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್-1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಔಷಧ ಅಂಗಡಿಯವರು ವೈದ್ಯರ, ರೋಗಿಯ ಹೆಸರು, ಗುಳಿಗೆಯ ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಇಡಬೇಕು.

ಅಡ್ಡ ಪರಿಣಾಮಗಳನ್ನು ಮೊದಲೇ ತಿಳಿಯುವುದು ರೋಗಿಯ ಹಕ್ಕು. ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕೆಂಬ ನಿಯಮವಿದೆ. ಹಣ ಪಡೆದು ನೀಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಅಡ್ಡ ಪರಿಣಾಮವೊಂದೇ ನಿರ್ಲಕ್ಷ್ಯವಾಗದು. ನಿರ್ಲಕ್ಷ್ಯದಿಂದ ಹಾನಿಯಾಗಿದ್ದರೆ 2 ವರ್ಷದೊಳಗೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕಾಗಿ ವೈದ್ಯರ ಚೀಟಿ, ಅಂಗಡಿಯ ಬಿಲ್ಲು ಎರಡನ್ನೂ ಜೋಪಾನ ಮಾಡಬೇಕು.

— ಓದುಗ, ಕುರಕುಂಟಾ, ಸೇಡಂ ತಾಲ್ಲೂಕು