ವಿಮಾನದ ಮೈಮೇಲಿನ ಅಕ್ಷರಗಳ ಬೆಲೆ

ರಷ್ಯಾದ ಏರೋಫ್ಲಾಟ್ ವಿಮಾನಗಳ ಮೈಮೇಲೆ 2022ರವರೆಗೆ ಹೆಚ್ಚಾಗಿ ಕಾಣುತ್ತಿದ್ದುದು ‘ವಿಪಿ–ಬಿ’, ‘ವಿಕ್ಯೂ–ಬಿ’ ಎಂಬ ಬರ್ಮುಡಾದ ಅಕ್ಷರಗಳು. ಮುಕ್ಕಾಲು ಲಕ್ಷವೂ ಜನರಿಲ್ಲದ ಆ ಬ್ರಿಟಿಷ್ ದ್ವೀಪದಲ್ಲಿ ರಷ್ಯನ್ ಕಂಪನಿಗಳ 700ಕ್ಕೂ ಹೆಚ್ಚು ವಿಮಾನಗಳು ನೋಂದಣಿಯಾಗಿದ್ದವು. ಅವುಗಳನ್ನು ಗುತ್ತಿಗೆಗೆ ಕೊಟ್ಟ ವಿದೇಶಿ ಮಾಲೀಕರಿಗೆ ಬ್ರಿಟಿಷ್ ಮಾದರಿಯ ಕಾನೂನಿನ ಮೇಲೆ ಭರವಸೆ. ದ್ವೀಪಕ್ಕೆ ಶುಲ್ಕದ ವರಮಾನ.

ಇದು ಕೂತು ಉಣ್ಣುವ ಆದಾಯವೆಂದು ಭಾವಿಸಬೇಕಿಲ್ಲ. 1944ರ ಷಿಕಾಗೊ ಒಪ್ಪಂದದ ಪ್ರಕಾರ ನೋಂದಾಯಿಸಿಕೊಂಡ ನಾಡೇ ವಿಮಾನದ ಹಾರಾಟಯೋಗ್ಯತೆಗೆ ಹೊಣೆ. ಹಾರಾಟದ ಉಸ್ತುವಾರಿಯನ್ನು ರಷ್ಯಾಕ್ಕೆ ವಹಿಸಿದ್ದರೂ ಯೋಗ್ಯತಾ ಪ್ರಮಾಣಪತ್ರ ಬರ್ಮುಡಾದ್ದೇ. ಅದಕ್ಕೆ ನುರಿತ ಪರಿವೀಕ್ಷಕರು ಬೇಕು, ಅವರಿಗೆ ಸಂಬಳ ಬೇಕು, ಪ್ರಯಾಣವೆಚ್ಚ ಬೇಕು. (ದ್ವೀಪದತ್ತ ಸುಳಿಯದ ವಿಮಾನವನ್ನು ಅವರೇ ಹುಡುಕಿಕೊಂಡು ಹೋಗಬೇಕಲ್ಲ!)

ಉಕ್ರೇನ್ ಮೇಲಿನ ಆಕ್ರಮಣದ ನಂತರ ನಿರ್ಬಂಧಗಳು ಬಂದವು, ತಪಾಸಣೆ ಅಸಾಧ್ಯವಾಯಿತು. 2022ರ ಮಾರ್ಚ್ 12ರಂದು ಬರ್ಮುಡಾ ಆ ಪ್ರಮಾಣಪತ್ರಗಳನ್ನೆಲ್ಲ ಅಮಾನತಿನಲ್ಲಿಟ್ಟಿತು. ಎರಡೇ ದಿನಗಳಲ್ಲಿ ರಷ್ಯಾ ಅವುಗಳನ್ನು ತನ್ನಲ್ಲೇ ನೋಂದಾಯಿಸಿಕೊಳ್ಳಲು ಕಾನೂನು ತಂದಿತು.

ಬರ್ಮುಡಾ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ನೋಂದಣಿಯ ಬಹುಪಾಲನ್ನು ಒಂದೇ ದೇಶದ ಗಿರಾಕಿಗಳಿಂದ ತುಂಬಿಸಿಕೊಂಡ ಕಚೇರಿಗೆ ‘ಹಾರಬೇಡಿ’ ಎನ್ನುವುದೆಂದರೆ ತನ್ನ ಆದಾಯಕ್ಕೆ ತಾನೇ ಕತ್ತರಿ ಹಾಕಿಕೊಂಡಂತೆ. ಆ ಮಾತನ್ನು ಅಳುಕಿಲ್ಲದೆ ಆಡಲು ಬೇಕಾದ ಮೀಸಲು ನಿಧಿಯನ್ನು ಶುಲ್ಕ ನಿಗದಿಪಡಿಸುವಾಗಲೇ ಲೆಕ್ಕಕ್ಕೆ ಹಿಡಿಯಬೇಕಿತ್ತು.