ನೀರಿನ ದಾರಿ, ಊರಿನ ನುಡಿ

ಮಳೆನೀರು ಜಲಾನಯನದ ದೂರದ ತುದಿಯಿಂದ ಹರಿದು ಹಳ್ಳದ ಮುಖವನ್ನು ಸೇರಲು ತಗಲುವ ಅವಧಿಯನ್ನು ದಾರಿಯ ಉದ್ದ ಹಾಗೂ ಇಳಿಜಾರಿನಿಂದ ಅಂದಾಜಿಸುವ ಸೂತ್ರವೊಂದನ್ನು ಅಮೆರಿಕದಲ್ಲಿ ಕಿರ್ಪಿಚ್ 1940ರಲ್ಲಿ ಪ್ರಕಟಿಸಿದರು. ಇಂದು ಆ ಉದ್ದವನ್ನೂ ಇಳಿಜಾರನ್ನೂ ಭೌಗೋಳಿಕ ಮಾಹಿತಿ ವ್ಯವಸ್ಥೆಯು ಉಪಗ್ರಹದ ನೆರವಿನ ಎತ್ತರದ ನಕ್ಷೆಯಿಂದಲೇ ಅಳೆದುಕೊಡುತ್ತದೆ.

ಆದರೆ ಉಚಿತವಾಗಿ ದೊರೆಯುವ ಇಂತಹ ನಕ್ಷೆಗಳಲ್ಲಿ ಒಂದೊಂದು ಚೌಕದ ಬದಿ ಸಾಮಾನ್ಯವಾಗಿ ಸುಮಾರು 30 ಮೀಟರ್. ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಹೊಲದ ಒಡ್ಡು, ಕೆರೆಯ ಕೋಡಿ, ರಸ್ತೆಯಡಿಯ ಮೋರಿ ಆ ಚೌಕದೊಳಗೆ ಮರೆಯಾಗುತ್ತವೆ. ನೀರನ್ನು ತಡೆಯುವುದೂ ತಿರುಗಿಸುವುದೂ ಇವೇ. ಕೃಷ್ಣೆಯಂತಹ ದೊಡ್ಡ ನದಿಯ ಪ್ರವಾಹಕ್ಕೆ ಮೇಲಿನ ಅಣೆಕಟ್ಟುಗಳಿಂದ ಮುನ್ಸೂಚನೆ ಬರುತ್ತದೆ. ಸಣ್ಣ ಹಳ್ಳ ಉಕ್ಕುವಾಗ ಒಂದು ಗಂಟೆಯ ಬಿಡುವೂ ಸಿಗದಿರಬಹುದು. ಲೆಕ್ಕ ತಪ್ಪಿದರೆ ಹಳ್ಳ ದಾಟುವವರ ಪ್ರಾಣಕ್ಕೇ ಸಂಚಕಾರ.

ನಕ್ಷೆಗೆ ಕಾಣದ್ದನ್ನು ಊರಿನ ನುಡಿ ಬಲ್ಲದು. ತೆಲುಗಿನವರು ವಾಗು ಎನ್ನುವುದನ್ನು ಕನ್ನಡಿಗರು ಹಳ್ಳ ಎನ್ನುತ್ತಾರೆ. ತಗ್ಗು, ದಿಬ್ಬ, ಕೊಳ್ಳ, ಮಡುವು ಎಂಬ ಒಂದೊಂದು ಮಾತೂ ನೀರಿನ ನಡೆಯನ್ನು ಸೂಚಿಸುತ್ತದೆ. ಈ ಮಾತುಗಳನ್ನು ಹಿರಿಯರಿಂದ ಕೇಳಿ, ಜಾಗ ಗುರುತಿಸಿ ಬರೆದಿಡುವುದು ಕನ್ನಡ ಐಚ್ಛಿಕ ವಿದ್ಯಾರ್ಥಿಗಳ ಕೆಲಸವಾಗಬೇಕು. ಗಡಿನಾಡಿನ ಕನ್ನಡ ಕವಿತೆಗಷ್ಟೇ ಅಲ್ಲ, ಜೀವರಕ್ಷಣೆಗೂ ಒದಗುವ ಭಾಷೆ.