ಉಪೋತ್ಪನ್ನದ ಬೆಲೆಯೂ ಮೂಲ ಬೆಳೆಗಾರನ ಪಾಲೂ

ಕಾಗದದ ಕಾರ್ಖಾನೆಯಿಂದ ಕಾಗದವಲ್ಲದೆ ಎಣ್ಣೆಯೂ ದೊರೆಯುವುದೆಂದರೆ ನಮ್ಮ ಒಕ್ಕಲಿಗರಲ್ಲಿ ಅನೇಕರಿಗೆ ಆಶ್ಚರ್ಯವಾಗಬಹುದು. ಆದರೆ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿಯೂ ಸ್ವೀಡನ್, ಫಿನ್ಲೆಂಡ್ ದೇಶಗಳಲ್ಲಿಯೂ ಇದು ದೊಡ್ಡ ಉದ್ಯಮವಾಗಿ ಬೆಳೆದಿರುತ್ತದೆ. ಆ ಉದ್ಯಮದ ಏರಿಳಿತಗಳನ್ನು ಇಲ್ಲಿಯ ಭೂಮಾಲೀಕರು, ವಿಶೇಷವಾಗಿ ಕಬ್ಬು ಬೆಳೆಯುವವರು, ಸ್ವಲ್ಪ ಗಮನವಿಟ್ಟು ನೋಡುವುದು ಯುಕ್ತವಾಗಿದೆ.

ಪೈನ್ ಮರದಲ್ಲಿ ನಾರಿನೊಡನೆ ರಾಳವೂ ಕೊಬ್ಬಿನ ಅಂಶವೂ ಇರುತ್ತವೆ. ಕಾಗದದ ತಿರುಳನ್ನು ತೆಗೆಯುವುದಕ್ಕಾಗಿ ಮರದ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡ್ ಬೆರೆತ ದ್ರಾವಣದಲ್ಲಿ ಒತ್ತಡದಲ್ಲಿ ಬೇಯಿಸುತ್ತಾರೆ. ಆಗ ರಾಳವೂ ಕೊಬ್ಬೂ ಕ್ಷಾರದೊಡನೆ ಕೂಡಿ ಸಾಬೂನಾಗುವುವು. ತಿರುಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ದ್ರಾವಣವನ್ನು ಬತ್ತಿಸುತ್ತ ಹೋದರೆ ಈ ಸಾಬೂನು ಹಾಲಿನ ಕೆನೆಯಂತೆ ಮೇಲೆ ತೇಲುವುದು. ಅದನ್ನು ಕೆರೆದು ತೆಗೆದು ಗಂಧಕಾಮ್ಲವನ್ನು ಬೆರೆಸಿದರೆ ಮಂದವಾದ, ಕಂದುಬಣ್ಣದ, ದುರ್ವಾಸನೆಯ ಎಣ್ಣೆಯೊಂದು ಬೇರೆಯಾಗುತ್ತದೆ. ಇದಕ್ಕೆ ‘ಟಾಲ್ ಎಣ್ಣೆ’ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ‘ಟಾಲ್’ ಎಂದರೆ ಪೈನ್ ಮರವೇ. ಒಂದು ಟನ್ನು ತಿರುಳಿಗೆ ಸಾಮಾನ್ಯವಾಗಿ 30ರಿಂದ 50 ಕಿಲೋಗ್ರಾಮಿನಷ್ಟು ಎಣ್ಣೆ ಸಿಕ್ಕುತ್ತದೆ. ಇದನ್ನು ಭಟ್ಟಿಯಿಳಿಸಿ ರಾಳವನ್ನೂ ಕೊಬ್ಬಿನ ಆಮ್ಲಗಳನ್ನೂ ಬೇರ್ಪಡಿಸುವರು. ಮುದ್ರಣದ ಮಸಿ, ಅಂಟು, ಬಣ್ಣ, ರಸ್ತೆಗೆ ಹಾಕುವ ಡಾಂಬರಿನ ಮಿಶ್ರಣ, ಎಣ್ಣೆಬಾವಿ ಕೊರೆಯುವ ದ್ರಾವಣ ಇವುಗಳಿಗೆಲ್ಲ ಆ ಪದಾರ್ಥಗಳು ಬೇಕಾಗುತ್ತವೆ.

ದಕ್ಷಿಣ ಕೆರೊಲಿನ ಸಂಸ್ಥಾನದ ನಾರ್ತ್ ಚಾರ್ಲ್ಸ್‌ಟನ್ ನಗರದ ಇಂಜೆವಿಟಿ ಎಂಬ ಕಂಪನಿಯು ಈ ವ್ಯಾಪಾರದಲ್ಲಿ ಹೆಸರು ಪಡೆದುದು. 2016ರಲ್ಲಿ ವೆಸ್ಟ್‌ರಾಕ್ ಎಂಬ ಕಾಗದದ ಕಂಪನಿಯಿಂದ ಇದು ಬೇರ್ಪಟ್ಟಿತು. ಬೇರ್ಪಟ್ಟ ಮೇಲೂ ಕಚ್ಚಾ ಎಣ್ಣೆಯನ್ನು ಆ ಕಂಪನಿಯ ಗಿರಣಿಗಳಿಂದಲೇ ಕೊಳ್ಳುವ ದೀರ್ಘಕಾಲದ ಕರಾರು ಇದ್ದಿತು. ಮೊದಮೊದಲು ಇದು ಇಬ್ಬರಿಗೂ ಅನುಕೂಲವಾಗಿ ಕಂಡಿತು. ಅಷ್ಟರಲ್ಲಿ ಈ ಎಣ್ಣೆಗೆ ಹೊಸ ಗಿರಾಕಿಗಳು ಹುಟ್ಟಿಕೊಂಡಿದ್ದರು. ಫಿನ್ಲೆಂಡಿನ ಲಪ್ಪೇನ್‌ರಾಂಟ ಎಂಬಲ್ಲಿ ಯುಪಿಎಂ ಕಂಪನಿಯು 2015ರಿಂದ ಟಾಲ್ ಎಣ್ಣೆಯಿಂದಲೇ ಡೀಸೆಲ್ ತಯಾರಿಸತೊಡಗಿತ್ತು. ಉಳಿಕೆ ಪದಾರ್ಥಗಳಿಂದಾದ ಇಂಧನಕ್ಕೆ ಯೂರೋಪಿನ ಸರ್ಕಾರಗಳು ವಿಶೇಷ ಪ್ರೋತ್ಸಾಹವಿತ್ತುದರಿಂದ ಕಚ್ಚಾ ಎಣ್ಣೆಯ ಬೆಲೆಯು ಏರುತ್ತ ಹೋಯಿತು. ಬೆಲೆ ಏರಿದರೂ ಸರಕು ಹೆಚ್ಚುವಂತಿಲ್ಲ. ಎಣ್ಣೆಗಾಗಿ ಯಾರೂ ಕಾಗದ ಮಾಡುವುದಿಲ್ಲವಷ್ಟೆ. ಇತ್ತ ಇಂಜೆವಿಟಿಯ ರಾಳಕ್ಕೂ ಆಮ್ಲಗಳಿಗೂ ಗಿರಾಕಿ ಕುಗ್ಗಿತು. ಲೂಸಿಯಾನ ಸಂಸ್ಥಾನದ ಡಿರಿಡರಿನ ಕಾರ್ಖಾನೆಯನ್ನು ಮುಚ್ಚುವುದಾಗಿ 2023ರಲ್ಲಿ ಆ ಕಂಪನಿಯು ಪ್ರಕಟಿಸಿತು. ಮರುವರ್ಷ ಆರ್ಕನ್ಸಾಸಿನ ಕ್ರಾಸೆಟ್ ಕಾರ್ಖಾನೆಯ ಸರದಿ ಬಂದಿತು. 2024ರಲ್ಲಿಯೇ, ಎಣ್ಣೆ ಕೊಳ್ಳುವ ಆ ಕರಾರಿನಿಂದ ಬಿಡಿಸಿಕೊಳ್ಳುವುದಕ್ಕಾಗಿ ಅದು ವೆಸ್ಟ್‌ರಾಕಿಗೆ 10 ಕೋಟಿ ಡಾಲರುಗಳನ್ನು ತೆರಲು ಒಪ್ಪಿತು. ಕೊಳ್ಳದೆ ಇರುವುದಕ್ಕೆ ಇಷ್ಟು ಹಣ! ಮಾರುವವನ ಕೈಯಲ್ಲಿ ಬರೆದ ಕರಾರು ಇದ್ದರೆ ಅದರ ಬಲವೆಷ್ಟೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದುರ್ಲಭ.

ಇವೆರಡು ಕಂಪನಿಗಳ ಲೆಕ್ಕಾಚಾರದಲ್ಲಿ ಮೂರನೆಯವನೊಬ್ಬನ ಮಾತೇ ಬಂದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅವನು ಪೈನ್ ಮರ ಬೆಳೆದವನು. ಅಮೆರಿಕದ ದಕ್ಷಿಣದ ಕಾಡು ಬಹುಮಟ್ಟಿಗೆ ಖಾಸಗಿ ಭೂಮಾಲೀಕರದು. ಗಿರಣಿಯವರು ಅವರಿಂದ ಕಾಗದದ ಮರವನ್ನು ತೂಕದ ಮೇಲೆ ಕೊಳ್ಳುತ್ತಾರೆ. ಮರದಿಂದ ಎಣ್ಣೆಯೆಷ್ಟು ಬಂದಿತು, ಅದು ಎಷ್ಟಕ್ಕೆ ಮಾರಾಟವಾಯಿತು ಎಂಬುದು ಆ ಚೀಟಿಯಲ್ಲಿ ಕಾಣುವುದಿಲ್ಲ. ಗಿರಣಿ ಮುಚ್ಚಿದರೆ ಮಾತ್ರ ನಷ್ಟದ ಪಾಲು ಅವನಿಗೂ ತಪ್ಪದು. 1937ರಿಂದ ನಡೆಯುತ್ತಿದ್ದ ಚಾರ್ಲ್ಸ್‌ಟನ್ ಕಾಗದದ ಗಿರಣಿಯನ್ನು 2023ರಲ್ಲಿ ಮುಚ್ಚಿದಾಗ ಸುತ್ತಣ ಮರದ ಬೆಳೆಗಾರರು ಹತ್ತಿರದ ಗಿರಾಕಿಯನ್ನು ಕಳೆದುಕೊಂಡರು.

ಇದನ್ನು ಓದಿ ಯಾರಾದರೂ ಮಲೆನಾಡಿನಲ್ಲಿ ಪೈನ್ ತೋಪು ಹಾಕಲು ಹೊರಟರೆ ಅದು ವ್ಯರ್ಥಶ್ರಮವೇ ಸರಿ. ದಾಂಡೇಲಿಯ ಕಾರ್ಖಾನೆಯವರು ಬಳಸುವ ನೀಲಗಿರಿ ಮೊದಲಾದ ಮರಗಳಲ್ಲಿ ಈ ರಾಳವಿಲ್ಲ. ನಮ್ಮ ಬೆಳೆಗಾರನ ಟಾಲ್ ಎಣ್ಣೆಯು ಕಬ್ಬಿನ ಕಾಕಂಬಿಯಲ್ಲಿರುತ್ತದೆ.

ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಕಾಲಕ್ಕೂ ಇಂದಿಗೂ ಈ ವಿಷಯದಲ್ಲಿ ಅಜಗಜಾಂತರವಿದೆ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಾಕಂಬಿಯಿಂದಲೂ ಕಬ್ಬಿನ ಹಾಲಿನಿಂದಲೂ ತಯಾರಾಗುತ್ತಿದೆ, ಸಿಪ್ಪೆಯನ್ನುರಿಸಿ ವಿದ್ಯುಚ್ಛಕ್ತಿಯನ್ನು ಮಾರುತ್ತಾರೆ, ಪ್ರೆಸ್‌ಮಡ್ ಗೊಬ್ಬರವಾಗುತ್ತದೆ. ಆದರೂ ಕೇಂದ್ರ ಸರ್ಕಾರವು ಗೊತ್ತುಮಾಡುವ ಕಬ್ಬಿನ ಬೆಲೆಯು ಸಕ್ಕರೆಯ ಇಳುವರಿಯನ್ನೇ ಆಧರಿಸಿದೆ. 2012ರಲ್ಲಿ ರಂಗರಾಜನ್ ಸಮಿತಿಯು, ಸಕ್ಕರೆ ಮತ್ತು ಈ ಮೂರು ಉಪೋತ್ಪನ್ನಗಳ ಮೌಲ್ಯದಲ್ಲಿ ಶೇಕಡ 70ರಷ್ಟು, ಅಥವಾ ಸಕ್ಕರೆಯ ಮೌಲ್ಯವೊಂದರಲ್ಲಿಯೇ ಆದರೆ ಶೇಕಡ 75ರಷ್ಟು, ಬೆಳೆಗಾರನಿಗೆ ಸಲ್ಲಬೇಕೆಂದು ಶಿಫಾರಸು ಮಾಡಿತು. ಮರುವರ್ಷವೇ ಕರ್ನಾಟಕದಲ್ಲಿ ಕಬ್ಬಿನ ಖರೀದಿ ಮತ್ತು ಸರಬರಾಜಿನ ಶಾಸನವಾಗಿ ಕಬ್ಬು ನಿಯಂತ್ರಣ ಮಂಡಳಿಯೂ ಏರ್ಪಟ್ಟಿತು.

ಶಾಸನವಿದ್ದ ಮಾತ್ರಕ್ಕೆ ಲೆಕ್ಕವು ತಾನಾಗಿ ಬೆಳೆಗಾರನ ಮನೆಗೆ ಬರುವುದಿಲ್ಲ. ಗ್ರಾಮದ ಮುಖಂಡರು ಕಟಾವಿನ ಸರದಿ, ತೂಕ, ಬಾಕಿ ಹಣ ಇವುಗಳಿಗಾಗಿ ಕಾರ್ಖಾನೆಗೆ ಹೋಗುವುದುಂಟು. ಕಾಕಂಬಿ ಎಷ್ಟಾಯಿತು, ಎಥನಾಲ್ ಎಷ್ಟಾಯಿತು, ಸಿಪ್ಪೆಯಿಂದ ಎಷ್ಟು ವಿದ್ಯುತ್ತು ಮಾರಾಟವಾಯಿತು ಎಂದು ಕೇಳಿದವರು ವಿರಳ. ಇದು ಸಂಕೋಚಪಡತಕ್ಕ ಪ್ರಶ್ನೆಯಲ್ಲ. ಹಂಗಾಮು ಆರಂಭವಾಗುವ ಮುನ್ನ ಊರೂರಿನ ಬೆಳೆಗಾರರು ಒಟ್ಟಾಗಿ, ಹಿಂದಿನ ಹಂಗಾಮಿನ ಈ ಅಂಕಿಗಳನ್ನು ಬರವಣಿಗೆಯಲ್ಲಿ ಕೊಡುವಂತೆ ಕಾರ್ಖಾನೆಯವರಿಗೆ ಅರ್ಜಿ ಸಲ್ಲಿಸಿ, ಅದರ ಒಂದು ಪ್ರತಿಯನ್ನು ಕಬ್ಬು ಅಭಿವೃದ್ಧಿ ಮತ್ತು ಸಕ್ಕರೆ ಆಯುಕ್ತರಿಗೂ ಕಳುಹಿಸತಕ್ಕದ್ದು.